ಬರಿದಾದ ಬಿಲ

ನೀರುನಾಯಿ ಮೇಡಂ ತೊಟ್ಟಿದ್ದ ಸ್ವೆಟರ್ ತನ್ನ ಗಂಡನದು ಅಂತ ಜಿಗಣೆಗೆ ಗೊತ್ತಾಗಿದ್ದು ಎಡ ಮೊಣಕೈಯ ಹೊಲಿಗೆಯಿಂದ. ಬೂದು ಉಣ್ಣೆಗೆ ಹೊಂದುವ ದಾರ ಸಿಗದೆ ನೀಲಿ ದಾರದಲ್ಲಿ ಆ ತೂತು ಮುಚ್ಚಿದವಳು ಅವಳೇ.

"ಅಕ್ಕಾ, ಹುಷಾರು. ಅಲ್ಲಿ ಜಾರುತ್ತೆ," ಎಂದು ನೀರುನಾಯಿ ಮೇಡಂ ಕೈ ಚಾಚಿದಳು.

ಆ ಕೈ ಹಿಡಿಯುವುದಕ್ಕಿಂತ ಕೆಸರೇ ಮೇಲು ಅನ್ನಿಸಿತು ಜಿಗಣೆಗೆ. ಇಳಿಜಾರಿನಲ್ಲಿ ಕೂತೇ ಜಾರಿಕೊಂಡು ದಂಡೆಗೆ ಇಳಿದಳು. ಸೀರೆಯಲ್ಲಿ ಬರಬಾರದಿತ್ತು. ಆದರೆ ಪ್ಯಾಂಟು ತೊಟ್ಟು ಬಂದರೆ ಈ ಹುಡುಗಿಯನ್ನು ನೋಡಿ ಕಲಿತಳು ಅಂತ ಗಂಡ ಅಂದುಕೊಂಡರೆ?

ಜಿಗಣೆ ಅನ್ನುವುದು ಊರಿನವರು ಇಟ್ಟ ಹೆಸರು. ಖಾಸಗಿ ಪತ್ತೇದಾರಿ ಕೆಲಸಕ್ಕೆ ಇಳಿದ ಹೊಸದರಲ್ಲಿ, ಒಮ್ಮೆ ಅಂಟಿಕೊಂಡರೆ ರಕ್ತ ಬರುವವರೆಗೆ ಬಿಡುವವಳಲ್ಲ ಅಂತ ಯಾರೋ ಆಡಿಕೊಂಡಿದ್ದರು. ಬೈಗುಳವನ್ನೇ ಅವಳು ಬೋರ್ಡು ಮಾಡಿ ತಗುಲಿಹಾಕಿದ್ದಳು. ಸರೋವರದ ನೀರುನಾಯಿಗಳ ಮೇಲೆ ಸಂಶೋಧನೆ ಮಾಡುವ ಈ ಹುಡುಗಿಗೂ ಹಾಗೆಯೇ ನೀರುನಾಯಿ ಮೇಡಂ ಅನ್ನುವ ಹೆಸರು ಬಿದ್ದಿತ್ತು.

ಈ ಕೆಲಸ ಮಾತ್ರ ಅವಳು ಬೇಡಿ ಪಡೆದದ್ದಲ್ಲ; ಉದ್ಯಾನದ ರೇಂಜರ್ ಕರೆಸಿ ಒಪ್ಪಿಸಿದ್ದ. ರಾಷ್ಟ್ರೀಯ ಉದ್ಯಾನದ ಒಳಗಿರುವ ಈ ಸರೋವರದ ದಂಡೆಯಲ್ಲಿ ಗಾಜಿನ ಹೋಟೆಲು, ಮೋಟಾರು ದೋಣಿಗಳ ಕಟ್ಟೆ ಕಟ್ಟಲು ಒಂದು ಕಂಪನಿ ಹೊರಟಿತ್ತು. ಬೇಡ ಎಂದು ಕೋರ್ಟಿಗೆ ಹೋದವರ ಪರವಾಗಿ ವಾದಿಸುತ್ತಿದ್ದ ವಕೀಲ ಅವಳ ಗಂಡ. ಅವರ ಕೈಯಲ್ಲಿದ್ದ ಗಟ್ಟಿ ಸಾಕ್ಷಿ ಒಂದೇ: ಕಟ್ಟೆ ಕಟ್ಟಬೇಕೆಂದಿದ್ದ ಜಾಗದಲ್ಲೇ, ಬಾಗಿದ ಮರದ ಬೇರುಗಳ ನಡುವೆ, ಮರಿ ಹಾಕಿದ್ದ ಒಂದು ನೀರುನಾಯಿ.

ಫೋಟೊ ತೋರಿಸಿದರೆ "ಬೇರೆಲ್ಲೋ ತೆಗೆದದ್ದು" ಎಂದು ಕಂಪನಿಯವರು ನಗುತ್ತಿದ್ದರು. ಅದಕ್ಕೇ ತಜ್ಞರ ತಂಡ ತಾನೇ ಬಂದು ನೋಡಲಿ ಎಂದು ಕೋರ್ಟು ಹೇಳಿತ್ತು. ತಂಡ ಬರುವುದು ನಾಳೆ ಬೆಳಿಗ್ಗೆ. ಅಲ್ಲಿಯವರೆಗೆ ಬಿಲ ಸರಿಯಾಗಿ ಎಲ್ಲಿದೆ ಎಂಬುದನ್ನು ಗುಟ್ಟಾಗಿಟ್ಟಿದ್ದರು.

ಇವತ್ತು ಬೆಳಿಗ್ಗೆ ಬಿಲ ಖಾಲಿ.

ಬಿಲದ ಬಾಯಿಗೆ ಮುಖ ಒಡ್ಡಿದಾಗ ಫಿನಾಯಿಲ್ ಘಾಟು ಮೂಗಿಗೆ ಬಡಿಯಿತು. ಆಸ್ಪತ್ರೆಯ ವರಾಂಡದ ವಾಸನೆ. ಹಸಿರು ಪಾಚಿಯ ಮೇಲೆ ಹಾಲಿನಂಥ ಬಿಳಿ ಕಲೆ.

"ಮೂಗಿನಿಂದಲೇ ಬದುಕೋ ಪ್ರಾಣಿ ಅಕ್ಕಾ ಅದು," ಎಂದಳು ನೀರುನಾಯಿ ಮೇಡಂ. "ಮನೆ ಬಾಗಿಲಿಗೆ ಇದನ್ನ ಸುರಿದ್ರೆ ಇನ್ನು ಈ ಕಡೆ ತಲೆ ಹಾಕಿ ಮಲಗಲ್ಲ."

"ಮರಿಗಳು?"

ಆ ಹುಡುಗಿ ನೀರಿನ ಕಡೆ ನೋಡಿದಳು. "ತಾಯಿ ಕಚ್ಕೊಂಡು ಹೋಗಿರಬೇಕು."

ಜಿಗಣೆ ಸೆರಗನ್ನು ಸೊಂಟಕ್ಕೆ ಸಿಕ್ಕಿಸಿ ಬಿಲದೊಳಗೆ ಭುಜದವರೆಗೆ ಕೈ ತೂರಿಸಿದಳು. ಒಳಗೆ ಒಣಹುಲ್ಲಿನ ಹಾಸಿಗೆ ಇರಬೇಕಿತ್ತು. ಅದೆಲ್ಲ ಬಾಯಿಯ ಕಡೆಗೆ ಎಳೆದು ಬಂದಿತ್ತು. ತಾಯಿ ಒಂದೊಂದೇ ಮರಿಯನ್ನು ಕತ್ತು ಕಚ್ಚಿ ಎತ್ತಿಕೊಂಡು ಹೋಗಿದ್ದರೆ ಹಾಸಿಗೆ ಹೀಗೆ ಕೆದರುತ್ತಿರಲಿಲ್ಲ. ಯಾರೋ ಒಳಗೆ ಕೈ ಹಾಕಿ ಬಾಚಿಕೊಂಡ ಹಾಗಿತ್ತು. ಈಗ ತಾನು ಹಾಕಿದ ಹಾಗೆಯೇ.

ಕೈ ಹೊರಗೆಳೆದಳು. ಕೆಸರನ್ನು ನೋಡಿದಳು. ಮರದಿಂದ ನೀರಿನವರೆಗೆ ನೆಲವನ್ನು ಎಲೆಯಿರುವ ಕೊಂಬೆಯಿಂದ ಗುಡಿಸಿದ ಗೀರುಗಳಿದ್ದವು. ಗುಡಿಸಿದವರು ಅವಸರದಲ್ಲಿದ್ದರು. ಬೇರಿನ ಮರೆಯಲ್ಲಿ ಒಂದು ಗಂಬೂಟಿನ ಹೆಜ್ಜೆ ಉಳಿದುಬಿಟ್ಟಿತ್ತು. ಸಣ್ಣ ಪಾದ. ಹೆಣ್ಣಿನ ಪಾದ.

ನೀರುನಾಯಿ ಮೇಡಂ ದಿನಾ ಇಲ್ಲಿ ಓಡಾಡುವವಳು. ಅವಳ ಹೆಜ್ಜೆ ಇದ್ದರೆ ತಪ್ಪಿಲ್ಲ. ಅದನ್ನು ಒರೆಸುವ ಅಗತ್ಯ ಏನಿತ್ತು?

ಜಿಗಣೆಯ ಎದೆಯಲ್ಲಿ ಸಣ್ಣದೊಂದು ಸಂತೋಷ ಅರಳಿತು. ಅದನ್ನು ಅವಳು ಗುರುತು ಹಿಡಿದಳು, ನಾಚಿಕೆಯೂ ಆಯಿತು. ಆದರೂ ಅದು ಹೋಗಲಿಲ್ಲ.

ದಂಡೆಯ ಮೇಲೆ ನಿಂತಿದ್ದ ರೇಂಜರ್ ಟೋಪಿ ತೆಗೆದು ಕೈಯಲ್ಲಿ ಹಿಡಿದಿದ್ದ. ಸಾವಿನ ಮನೆಗೆ ಬಂದವನ ಹಾಗೆ.

"ಈ ಜಾಗ ಯಾರ್ಯಾರಿಗೆ ಗೊತ್ತಿತ್ತು?" ಎಂದು ಕೇಳಿದ.

"ನನಗೆ. ಗಾರ್ಡ್ ಅಣ್ಣನಿಗೆ. ವಕೀಲ ಸರ್‌ಗೆ," ಎಂದಳು ನೀರುನಾಯಿ ಮೇಡಂ.

"ನನಗೇ ಹೇಳಿರಲಿಲ್ಲ," ಎಂದ ರೇಂಜರ್ ಮುಖ ಸಣ್ಣ ಮಾಡಿಕೊಂಡು. "ಗಾರ್ಡ್ ಕಾಲು ಮುರ್ಕೊಂಡು ಆಸ್ಪತ್ರೇಲಿದ್ದಾನೆ. ಇನ್ನುಳಿದಿದ್ದು..."

ಉಳಿದವರಲ್ಲಿ ಒಬ್ಬಳು ಎದುರಿಗಿದ್ದಳು, ಇನ್ನೊಬ್ಬನ ಹೆಂಡತಿ ಪಕ್ಕದಲ್ಲಿದ್ದಳು.

"ಮೇಡಂ, ಕಾಡುಪ್ರಾಣಿಯ ಮರಿ ಮೇಲೆ ಕೈ ಮಾಡಿದವರು ಯಾರೇ ಆಗಿರಲಿ, ಜಾಮೀನು ಸಿಗದ ಕೇಸು ಜಡೀತೀನಿ," ಎಂದ ಜಿಗಣೆಗೆ. "ನಮ್ಮವರಾದ್ರೂ ಅಷ್ಟೆ, ಅವರಾದ್ರೂ ಅಷ್ಟೆ. ಸಂಜೆ ವಕೀಲರ ಆಫೀಸಿಗೆ ಬರ್ತೀನಿ. ಯಾರು ಅಂತ ಹೇಳಿ."

ಜಿಗಣೆ ತಲೆಯಾಡಿಸಿದಳು. ಅವಳ ಕಣ್ಣು ಮಾತ್ರ ಬಾಗಿದ ಮರದ ಮೇಲಿತ್ತು. ಇವತ್ತೇ ಮೊದಲು ನೋಡುತ್ತಿರುವವಳ ಹಾಗೆ ನೋಡಬೇಕಿತ್ತು. ನಿಜವಾಗಿ ಆ ಮರವನ್ನು ಅವಳು ಹಿಂದೆಯೇ ಒಮ್ಮೆ ನೋಡಿದ್ದಳು. ಅದನ್ನು ಯಾರ ಮುಂದೆಯೂ ಬಾಯಿಬಿಡುವಂತಿರಲಿಲ್ಲ.

*

ನೀರುನಾಯಿ ಮೇಡಂಳ ಕೆಲಸದ ಕೋಣೆ ಉದ್ಯಾನದ ಗೇಟಿನ ಪಕ್ಕದಲ್ಲಿತ್ತು. ಹಿಂದೆ ಅದು ಟಿಕೆಟ್ ಮನೆ. ಗೋಡೆಯ ತುಂಬ ಸರೋವರದ ನಕ್ಷೆ, ಕಿಟಕಿಯ ಹತ್ತಿರ ಸೂಕ್ಷ್ಮದರ್ಶಕ, ಕಪಾಟಿನಲ್ಲಿ ಮೀನಿನ ಮುಳ್ಳು ತುಂಬಿದ ಗಾಜಿನ ಸೀಸೆಗಳು. ಇಡೀ ಕೋಣೆಗೆ ಹಳೆ ಮೀನಿನ ವಾಸನೆ.

ಇದೇ ವಾಸನೆ. ಈಚೆಗೆ ಗಂಡನ ಅಂಗಿಗಳಲ್ಲಿ ಇರುತ್ತಿದ್ದದ್ದು ಇದೇ.

ಊಟಕ್ಕೆ ಕೂತರೂ ಅವನಿಗೆ ಅದೇ ಮಾತು. "ಗೊತ್ತೇನೇ, ಗಂಡು ನೀರುನಾಯೀನೂ ಮರಿಗಳಿಗೆ ಮೀನು ತಂದ್ಕೊಡುತ್ತಂತೆ!" "ಮನುಷ್ಯರ ಗಂಡು ಒಂದು ಲೋಟ ನೀರಾದ್ರೂ ತಂದ್ಕೊಡಬಾರದಾ?" ಎಂದು ಅವಳು ಕೇಳಿದ್ದಳು. ಅವನು ನಕ್ಕು ನೀರು ತಂದಿದ್ದ. ತಂದವನು ಲೋಟ ಕೈಯಲ್ಲೇ ಹಿಡಿದು ಮತ್ತೆ ನೀರುನಾಯಿಯ ಮಾತಿಗೇ ಇಳಿದಿದ್ದ.

ಅಂಥ ಮಾತುಗಳೆಲ್ಲ ಯಾರ ಬಾಯಿಂದ ಬಂದವು ಅಂತ ಕೇಳಬೇಕಾಗಿರಲಿಲ್ಲ.

"ಕೂತ್ಕೊಳ್ಳಿ ಅಕ್ಕಾ. ಟೀ ಮಾಡ್ಲಾ?"

"ಟೀ ಬೇಡ. ಅಕ್ಕ ಅನ್ನೋದೂ ಬೇಡ. ನಿನ್ನೆ ಸಂಜೆಯಿಂದ ಇವತ್ತು ಬೆಳಿಗ್ಗೆವರೆಗೆ ಎಲ್ಲಿದ್ರಿ?"

"ಇಲ್ಲೇ. ಬೆಳಗಾಗ್ತಿದ್ದ ಹಾಗೆ ದೋಣಿ ತಗೊಂಡು ಹೋದೆ. ನೋಡಿದೆ. ರೇಂಜರ್‌ಗೆ ಫೋನ್ ಮಾಡಿದೆ."

"ಒಬ್ರೇ?"

"ಒಬ್ಳೇ."

"ಈ ಸ್ವೆಟರ್?"

ಅವಳು ತನ್ನ ತೋಳನ್ನು ತಾನೇ ಮೊದಲ ಸಲ ನೋಡಿದವಳಂತೆ ನೋಡಿಕೊಂಡಳು. ಕೆನ್ನೆ ಕೆಂಪಾಯಿತು. "ದೋಣೀಲಿತ್ತು. ಹೋದ ವಾರ ಅವರು ಬಂದಾಗ ಬಿಟ್ಟು ಹೋಗಿದ್ರು. ಚಳಿ ಅಂತ ಹಾಕ್ಕೊಂಡೆ."

"ಯಾರು ಬಂದಾಗ?"

"ಅವರು... ವಕೀಲ ಸರ್."

"ಹಾಗೆ ಹೇಳಿ. ಅವರು ಅಂತ ಅನ್ನೋಳು ನಾನು."

ಹೊರಗೆ ಗೇಟಿನ ಹತ್ತಿರ ಯಾವುದೋ ವ್ಯಾನಿನ ಪ್ರವಾಸಿಗರು ಜೋರಾಗಿ ಹಾಡು ಹಾಕಿ, ಕಾವಲುಗಾರ ಬೈದು ನಿಲ್ಲಿಸಿದ್ದು ಕೇಳಿಸಿತು.

ಹೋದ ವಾರವಂತೆ! ನಿನ್ನೆ ಇಳಿಸಂಜೆ ಇದೇ ಸ್ವೆಟರ್ ತೊಟ್ಟು ಗಂಡ ಅವಳ ಮುಂದೆ ಕೂತು ಟೀ ಕುಡಿದಿದ್ದ. ಮೊಣಕೈ ಮೇಜಿಗೆ ಊರಿದ್ದ. ನೀಲಿ ಹೊಲಿಗೆ ಕಂಡು, ಈ ಸಲ ಹೊಸದು ತೆಗೆದುಕೊಡಬೇಕು ಅಂತ ಅವಳು ಮನಸ್ಸಿನಲ್ಲೇ ಅಂದುಕೊಂಡಿದ್ದಳು. ಇವತ್ತು ಬೆಳಗಿನ ಜಾವ ವಾಕಿಂಗ್ ಅಂತ ಎದ್ದು ಹೋದವನು ಅದನ್ನೇ ಹಾಕಿಕೊಂಡು ಹೋಗಿದ್ದ.

ಅಂದರೆ ಬೆಳಗಿನ ಜಾವ ಇವರಿಬ್ಬರೂ ಒಟ್ಟಿಗಿದ್ದರು.

ಜಿಗಣೆ ಅದನ್ನು ಆಡಲಿಲ್ಲ. ಸುಳ್ಳು ಹೇಳಿದವರಿಗೆ ಅದು ಸಿಕ್ಕಿಬಿದ್ದಿದೆ ಅಂತ ತಕ್ಷಣ ತಿಳಿಸುವುದು ಈ ಕಸುಬಿನಲ್ಲಿ ದಡ್ಡತನ. ಅಷ್ಟು ಬುದ್ಧಿ ಅವಳಿಗೆ ಉಳಿದಿತ್ತು. ಎದ್ದು ಸಿಂಕಿನ ಹತ್ತಿರ ಕೈ ತೊಳೆಯುವ ನೆಪದಲ್ಲಿ ಹೋದಳು.

ಸಿಂಕಿನ ಪಕ್ಕದಲ್ಲಿ, ಬಟ್ಟೆಯ ಮೇಲೆ ಬೋರಲು ಹಾಕಿಟ್ಟಿದ್ದದ್ದು ಹಾಲುಣಿಸುವ ಬಾಟಲಿ. ರಬ್ಬರ್ ತೊಟ್ಟು ಬೇರೆ ಒಣಗುತ್ತಿತ್ತು. ಹಿಂದೆ ಹಾಲಿನ ಪುಡಿಯ ಡಬ್ಬಿ, ಮುಚ್ಚಳ ಹೊಸದಾಗಿ ತೆರೆದದ್ದು.

ಹೊಟ್ಟೆಕಿಚ್ಚಿಗೆ ಲೆಕ್ಕಾಚಾರ ಬರುವುದಿಲ್ಲ. ಒಂದು ಕ್ಷಣದಲ್ಲಿ ಅದು ಇಲ್ಲದ ತೊಟ್ಟಿಲು ಕಟ್ಟಿ, ಇಲ್ಲದ ಕೂಸನ್ನು ಮಲಗಿಸಿ, ಕೂಸಿಗೆ ಗಂಡನ ಮೂಗನ್ನೂ ಇಟ್ಟುಬಿಟ್ಟಿತು. ಮದುವೆಯಾಗದ ಹುಡುಗಿಯ ಕೋಣೆಯಲ್ಲಿ ಮಗುವಿನ ಬಾಟಲಿ!

"ಇದು ಯಾರಿಗೆ?"

"ಬೆಕ್ಕಿನ ಮರಿಗೆ."

"ಎಲ್ಲಿದೆ ಬೆಕ್ಕು?"

"ಎಲ್ಲೋ ಹೋಗಿರುತ್ತೆ."

"ನಿಮ್ಮ ಹತ್ತಿರ ಇರೋದೆಲ್ಲ ಎಲ್ಲೋ ಹೋಗಿಬಿಡುತ್ತಲ್ಲ. ನೀರುನಾಯಿ ಹೋಯ್ತು, ಬೆಕ್ಕೂ ಹೋಯ್ತು." ಜಿಗಣೆ ತಿರುಗಿ ಅವಳ ಕಣ್ಣಲ್ಲಿ ಕಣ್ಣಿಟ್ಟಳು. "ಹೋಟೆಲ್ ಕಂಪನಿಯವರು ನಿಮ್ಮನ್ನ ಕರೆದಿದ್ರಂತೆ ಹೌದಾ?"

ಅದು ಕತ್ತಲಲ್ಲಿ ಎಸೆದ ಕಲ್ಲು. ತಗುಲಿತು.

"ಕರೆದಿದ್ರು. ಹೋಟೆಲಿನ ಒಳಗೇ ಪ್ರಕೃತಿ ಕೇಂದ್ರ ಅಂತ ಮಾಡ್ತಾರಂತೆ. ಅದಕ್ಕೆ ನನ್ನನ್ನೇ ಮುಖ್ಯಸ್ಥೆ ಮಾಡ್ತಾರಂತೆ. ಬರಲ್ಲ ಅಂದೆ."

"ನಮ್ಮ ಯಾರಿಗೂ ಹೇಳಲಿಲ್ಲ."

"ವಕೀಲ ಸರ್‌ಗೆ ಹೇಳಿದ್ದೆ."

ಮತ್ತೆ ಅದೇ. ಊರಿಗೆಲ್ಲ ಬಾಗಿಲು ಹಾಕಿದ ಗಂಡ, ಇವಳಿಗೆ ಮಾತ್ರ ಕಿಟಕಿ ತೆರೆದಿಟ್ಟಿದ್ದ.

"ನಿಮಗೆ ನನ್ನ ಮೇಲೆ ಅನುಮಾನ ಅಲ್ಲ," ಎಂದಳು ಹುಡುಗಿ, ಇದ್ದಕ್ಕಿದ್ದಂತೆ ದನಿ ಗಟ್ಟಿ ಮಾಡಿ. "ಅನುಮಾನ ಆಗಿದ್ರೆ ನಾನು ಉತ್ತರ ಹೇಳಬಹುದಿತ್ತು. ನಿಮಗಿರೋದು ಹೊಟ್ಟೆಕಿಚ್ಚು. ಅದಕ್ಕೆ ನಾನೇನು ಹೇಳಲಿ?"

"ಹೇಳಿ ನೋಡಿ."

"ಸರಿ, ಹೇಳ್ತೀನಿ. ನನಗೂ ನಿಮ್ಮ ಮೇಲೆ ಹೊಟ್ಟೆಕಿಚ್ಚಿದೆ." ಕಣ್ಣು ತುಂಬಿಕೊಂಡರೂ ಹುಡುಗಿ ಮುಖ ತಿರುಗಿಸಲಿಲ್ಲ. "ದೋಣೀಲಿ ಕೂತ್ರೆ ನಮ್ಮವಳು ಹೀಗಂದ್ಲು, ನಮ್ಮವಳು ಹಾಗಂದ್ಲು. ಡಬ್ಬಿ ತೆಗೆದ್ರೆ, ನಮ್ಮವಳ ಕೈ ಅಡುಗೆ ನೋಡು. ಯಾವ ಕೇಸಿನಲ್ಲಿ ನೀವು ಯಾವ ಕಳ್ಳನ ಜುಟ್ಟು ಹಿಡಿದ್ರಿ ಅಂತ ನನಗೆ ಬಾಯಿಪಾಠ ಆಗಿದೆ. ಕೇಳಿ ಕೇಳಿ ಸಾಕಾಗಿದೆ ನನಗೆ. ಸಾಕಾ ಉತ್ತರ?"

ಈ ಉತ್ತರಕ್ಕೆ ಜಿಗಣೆ ತಯಾರಾಗಿ ಬಂದಿರಲಿಲ್ಲ. ಹಿಗ್ಗಬೇಕೋ ಉರಿಯಬೇಕೋ ತಿಳಿಯದೆ ಅವಳು ಕೈ ಒರೆಸಿಕೊಂಡು ಬಾಗಿಲಿಗೆ ನಡೆದಳು. ಹೊಸ್ತಿಲಲ್ಲಿ ನಿಂತು, "ಆ ಸ್ವೆಟರ್ ಒಗೆದು ಕಳಿಸಿ," ಎಂದಳು.

*

ಹುಡುಗಿ ಕೆಲಸ ಬೇಡ ಅಂದದ್ದು ನಿಜವೋ ಸುಳ್ಳೋ ಅಂತ ಹೇಳಬಲ್ಲವರು ಒಬ್ಬರೇ. ಜಿಗಣೆ ನೇರವಾಗಿ ಹೋಟೆಲ್ ಕಂಪನಿಯ ಆಫೀಸಿಗೆ ಹೋದಳು.

ಮ್ಯಾನೇಜರ್ ಎದ್ದು ನಿಂತು ಸ್ವಾಗತಿಸಿದ. ಎದುರಾಳಿಯ ಹೆಂಡತಿ ಅಂತ ಗೊತ್ತಿದ್ದೇ ತಾನೇ ಕುರ್ಚಿ ಎಳೆದುಕೊಟ್ಟ. ಕೋಣೆಯ ನಡುವೆ ಗಾಜಿನ ಪೆಟ್ಟಿಗೆಯಲ್ಲಿ ಹೋಟೆಲಿನ ಪುಟ್ಟ ಮಾದರಿ. ಸ್ವಿಚ್ ಒತ್ತಿದರೆ ಕಿಟಕಿಗಳಲ್ಲೆಲ್ಲ ದೀಪ ಹತ್ತುತ್ತಿತ್ತು. ಅಂಗೈಯಗಲದ ಸರೋವರದ ಮೇಲೆ ಬೆಂಕಿಪೊಟ್ಟಣದಂಥ ದೋಣಿಗಳು.

"ಕಾಡಿಗೆ ನಾವೇನೂ ಮಾಡಲ್ಲ ಮೇಡಂ. ಜನ ಬಂದು ಕಾಡು ನೋಡಿದ್ರೆ ತಾನೆ ಕಾಡಿನ ಮೇಲೆ ಪ್ರೀತಿ ಬರೋದು?"

"ನೋಡೋರಿಗೆ ಉದ್ಯಾನದ ಹೊರಗೆ ಎಷ್ಟು ಬೇಕಾದ್ರೂ ರೂಮು ಕಟ್ಟಬಹುದಲ್ಲ. ಪ್ರಾಣಿ ಮಲಗೋ ಕಡೆಯೇ ಮಂಚ ಹಾಕಬೇಕಾ?"

"ಯಾವ ಪ್ರಾಣಿ ಮೇಡಂ? ನಾಳೆ ತಂಡದವರು ಬಂದು ನೋಡ್ಲಿ. ಆ ಬಾಗಿದ ಮರದ ಬುಡದಲ್ಲಿ ಈಗ ಏನಿದೆ ಅಂತ."

ಅಂದವನ ನಾಲಿಗೆ ಅಲ್ಲೇ ನಿಂತಿತು. ಅವನಿಗೂ ಗೊತ್ತಾಯಿತು, ಒಂದು ಮಾತು ಹೆಚ್ಚಾಯಿತೆಂದು.

ಬಾಗಿದ ಮರ. ಜೊತೆಗೆ "ಈಗ" ಎಂಬ ಮಾತು.

"ಆ ಜಾಗ ನಿಮಗೆ ಹೇಳಿದ್ದು ನೀರುನಾಯಿ ಮೇಡಂ ಅಲ್ವಾ?" ಎಂದಳು ಜಿಗಣೆ. ದನಿಯಲ್ಲಿ ಆಸೆ ತುಳುಕಿತು. ಹೂಂ ಅನ್ನಲಿ. ಹೂಂ ಅಂದುಬಿಡಲಿ.

"ಆಕೇನಾ? ನಮ್ಮ ಪ್ರಕೃತಿ ಕೇಂದ್ರ ಅಂದ ಕೂಡಲೆ ಎದ್ದು ಹೋದ ಹೆಂಗಸು ಆಕೆ. ಕೊಟ್ಟ ಟೀನೂ ಕುಡೀಲಿಲ್ಲ." ಮ್ಯಾನೇಜರ್ ಮತ್ತೆ ನಗೆ ತಂದುಕೊಂಡ. "ಜಾಗಕ್ಕೇನು, ಯಾರೂ ಹೇಳಬೇಕಿಲ್ಲ. ಅಲ್ಲಿ ನೋಡಿ."

ಅವನ ಬೆನ್ನ ಹಿಂದಿನ ಗೋಡೆಯಲ್ಲಿ ಚೌಕಟ್ಟು ಹಾಕಿದ ದೊಡ್ಡ ಫೋಟೊ. ಬೆಳಗಿನ ಮಂಜು, ನಿಂತ ನೀರು, ನೀರಿಗೆ ಮುತ್ತಿಡುವಂತೆ ಬಾಗಿದ ಮರ. ಬುಡದಲ್ಲಿ ಕಪ್ಪಗೆ ಬಿಲದ ಬಾಯಿ, ಅದರ ಪಕ್ಕ ಕಲ್ಲಿನ ಮೇಲೆ ಮೈ ಒಣಗಿಸಿಕೊಳ್ಳುತ್ತಿದ್ದ ಒಂದು ನಯವಾದ ಕಂದು ಪ್ರಾಣಿ. ಫೋಟೊದ ಎಡಗಡೆ ಯಾರನ್ನೋ ಕತ್ತರಿಸಿ ತೆಗೆದಿದ್ದರು. ದೋಣಿಯ ಮೂತಿ ಮಾತ್ರ ಉಳಿದಿತ್ತು.

ಜಿಗಣೆ ಎದ್ದು ಫೋಟೊದ ಹತ್ತಿರ ಹೋದಳು.

ಕತ್ತರಿಸಿ ತೆಗೆದದ್ದು ಯಾರನ್ನು ಅಂತ ಅವಳಿಗೆ ಚೆನ್ನಾಗಿ ಗೊತ್ತಿತ್ತು. ದೋಣಿಯಲ್ಲಿ ಕೂತಿದ್ದವರು ಅವಳ ಗಂಡ ಮತ್ತು ಆ ಹುಡುಗಿ. ಫೋಟೊ ತೆಗೆದವಳು ಅವಳೇ.

ಕೆಲವು ವಾರಗಳ ಹಿಂದೆ ಗಂಡನ ಬೆನ್ನು ಬಿದ್ದು, ಎದುರು ದಂಡೆಯ ಪೊದೆಯಲ್ಲಿ ಅಡಗಿ, ಪರರ ಗಂಡಂದಿರನ್ನು ಹಿಡಿಯಲು ಬಳಸುವ ಅದೇ ಕ್ಯಾಮೆರಾದಲ್ಲಿ ತೆಗೆದಿದ್ದಳು. ಇಬ್ಬರೂ ಒಂದೇ ಕಡೆ ನೋಡುತ್ತ ನಗುತ್ತಿದ್ದರು. ಏನನ್ನು ನೋಡಿ ನಗುತ್ತಿದ್ದಾರೆ ಅಂತ ಅವಳು ಅತ್ತ ಗಮನ ಕೊಟ್ಟಿರಲಿಲ್ಲ. ಮರ ಯಾರಿಗೆ ಬೇಕಿತ್ತು? ಪ್ರಾಣಿ ಯಾರಿಗೆ ಬೇಕಿತ್ತು? ಅವಳಿಗೆ ಬೇಕಾಗಿದ್ದದ್ದು ಆ ಇಬ್ಬರ ಭುಜಗಳ ನಡುವೆ ಎಷ್ಟು ಜಾಗ ಇದೆ ಅನ್ನುವುದಷ್ಟೆ.

"ಎಲ್ಲಿ ಸಿಕ್ತು ಇದು?"

"ನಿಮ್ಮ ಆಫೀಸಿನ ಕೆಳಗಡೆ ಸ್ಟುಡಿಯೋ ಇದೆಯಲ್ಲ, ಅಲ್ಲೇ. ಪಾಸ್‌ಪೋರ್ಟ್ ಫೋಟೊ ತೆಗೆಸೋಕೆ ಹೋಗಿದ್ದೆ. ಒಳಗಿನ ಗೋಡೇಲಿ ತೂಗುಹಾಕಿದ್ರು. ಎಂಥಾ ಚೆಂದದ ಚಿತ್ರ ಅಂದೆ. ಇಷ್ಟ ಆದ್ರೆ ತಗೊಂಡ್ಹೋಗಿ ಅಂದ ಪುಣ್ಯಾತ್ಮ. ತೆಗೆದೋರು ಯಾರು ಅಂದ್ರೆ ಮಾತ್ರ ಹೇಳಲಿಲ್ಲ." ಮ್ಯಾನೇಜರ್ ಫೋಟೊವನ್ನು ಮೆಚ್ಚುಗೆಯಿಂದ ನೋಡಿದ. "ಯಾರೇ ಆಗಿರ್ಲಿ, ಒಳ್ಳೆ ಕೈ."

ಸ್ಟುಡಿಯೋದವನಿಗೆ ಫಿಲಂ ತೊಳೆದುಕೊಡಲು ಕೊಟ್ಟಿದ್ದಳು. ಯಾರಿಗೂ ತೋರಿಸಬೇಡ ಅಂದಿದ್ದಳು. ಅವನು ಮಾತು ಉಳಿಸಿಕೊಂಡಿದ್ದ. ತೋರಿಸಬಾರದವರನ್ನು ಕತ್ತರಿಸಿ, ಉಳಿದ ಚೆಂದವನ್ನು ಗೋಡೆಗೆ ಹಾಕಿದ್ದ.

ಮೂವರಿಗೆ ಮಾತ್ರ ಗೊತ್ತಿದ್ದ ಗುಟ್ಟನ್ನು ಊರಿನ ಗೋಡೆಗೆ ತಗುಲಿಹಾಕಿದ ನಾಲ್ಕನೆಯವಳು ತಾನೇ.

ಹೊರಗೆ ಬಂದಾಗ ಬಿಸಿಲು ಚುರುಕಾಗಿತ್ತು. ಎದುರಿನ ಪಾರ್ಕಿನ ಬೆಂಚಿನಲ್ಲಿ ಅವಳು ಕುಸಿದು ಕೂತಳು. ಫಿನಾಯಿಲ್ ಸುರಿಸಿದ್ದು ಕಂಪನಿ ಅನ್ನುವುದರಲ್ಲಿ ಅನುಮಾನವಿರಲಿಲ್ಲ. ದಾರಿ ತೋರಿಸಿದ್ದು ತಾನು. ಅಷ್ಟಾದರೂ, ಮನಸ್ಸಿನ ಇನ್ನೊಂದು ಮೂಲೆ ಗೊಣಗುತ್ತಲೇ ಇತ್ತು: ಬೆಳಗಿನ ಜಾವ ಇಬ್ಬರೂ ಒಟ್ಟಿಗೆ ಏನು ಮಾಡುತ್ತಿದ್ದರು? ಮರಿಗಳನ್ನು ಬಾಚಿಕೊಂಡ ಕೈ ಯಾರದು? ಹೆಜ್ಜೆ ಒರೆಸಿದ್ದೇಕೆ?

ತಪ್ಪು ತನ್ನದು ಅಂತ ತಿಳಿದ ಮೇಲೂ ಹೊಟ್ಟೆಕಿಚ್ಚು ಆರಲಿಲ್ಲ. ಅದು ಅವಳಿಗೇ ಆಶ್ಚರ್ಯವಾಯಿತು.

*

ವಕೀಲನ ಆಫೀಸು ಕೋರ್ಟಿನ ಎದುರಿನ ಕಟ್ಟಡದ ಮೊದಲ ಮಹಡಿಯಲ್ಲಿ. ಮುಂದೆ ಕಕ್ಷಿದಾರರು ಕೂರುವ ಕೋಣೆ, ಒಳಗೆ ಪುಸ್ತಕಗಳ ಕೋಣೆ, ಅದಕ್ಕೆ ಅಂಟಿಕೊಂಡ ಬಚ್ಚಲು. ಸಂಜೆಯ ಬೆಳಕು ಕಿಟಕಿಯ ಸರಳುಗಳ ಗೆರೆಗಳನ್ನು ನೆಲದ ಮೇಲೆ ಎಳೆದಿತ್ತು.

ಬಾಗಿಲು ಒಳಗಿನಿಂದ ಹಾಕಿತ್ತು. ತಟ್ಟಿದ ಮೇಲೆ ತಡಮಾಡಿ ತೆರೆದ. ಅಂಗಿಯ ತೋಳು ಮಡಚಿತ್ತು, ಮುಂಗೈ ಒದ್ದೆ.

"ನೀನಾ? ಬಾ. ಮನೆಗೆ ಬೇಗ ಬರ್ತಿದ್ದೆನಲ್ಲ..."

"ರೀ, ಸ್ವೆಟರ್ ಎಲ್ಲಿ?"

ಅವನು ಹೆಂಡತಿಯ ಮುಖ ನೋಡಿದ. ಇಪ್ಪತ್ತು ವರ್ಷ ಜೊತೆಗಿದ್ದವನು. ಸುಳ್ಳು ಹೇಳುವ ಸಾಹಸ ಮಾಡಲಿಲ್ಲ.

"ಅವಳಿಗೆ ಕೊಟ್ಟೆ. ಕುತ್ತಿಗೆವರೆಗೆ ನೀರಿಗಿಳಿದಿದ್ಲು. ಹಲ್ಲು ಕಟಕಟ ಅಂತಿತ್ತು."

"ನೀವಿಬ್ರೂ ಬೆಳಗಿನ ಜಾವ ಅಲ್ಲಿ..."

ಆಗ ಬಚ್ಚಲಿನಿಂದ ಸದ್ದು ಕೇಳಿಸಿತು. ಹಕ್ಕಿಮರಿಯ ಚೀರಾಟದಂತೆ. ಒಂದರ ಹಿಂದೆ ಇನ್ನೊಂದು.

ಜಿಗಣೆ ಗಂಡನನ್ನು ಸರಿಸಿ ಒಳಗೆ ಹೋದಳು. ಬಟ್ಟೆ ನೆನೆಸುವ ಅಗಲದ ಟಬ್ಬು. ತಳಕ್ಕೆ ಅವನ ಹಳೆಯ ಕಪ್ಪು ಕೋಟು ಹಾಸಿತ್ತು. ಅದರ ಮಡಿಕೆಯೊಳಗೆ ಎರಡು ನೀರುನಾಯಿ ಮರಿಗಳು. ಇನ್ನೂ ಕಣ್ಣು ಸರಿಯಾಗಿ ಬಿಡದವು. ಒಂದು ಇನ್ನೊಂದರ ಕಿವಿಯನ್ನು ಮೊಲೆಯೆಂದು ಚೀಪುತ್ತಿತ್ತು. ಟಬ್ಬಿನ ಪಕ್ಕ, ಆ ಹುಡುಗಿಯ ಕೋಣೆಯ ಸಿಂಕಿನ ಬಳಿ ನೋಡಿದ್ದಂಥದೇ ಇನ್ನೊಂದು ಬಾಟಲಿ.

ಇಲ್ಲದ ತೊಟ್ಟಿಲು ಕಟ್ಟಿದ್ದವಳ ಮುಂದೆ ಇದ್ದದ್ದು ಇದು. ನಗು ಬರಬೇಕಿತ್ತು. ಬರಲಿಲ್ಲ.

"ಕಂಪನಿಯವರಿಗೆ ಜಾಗ ಗೊತ್ತಾಗಿದೆ ಅಂತ ನಿನ್ನೆ ಸಂಜೆ ತಿಳೀತು," ಎಂದ ಅವನು ಹಿಂದಿನಿಂದ, ತಗ್ಗಿದ ದನಿಯಲ್ಲಿ. "ಕಾವಲು ಕೂರೋಣ ಅಂತ ಬೆಳಗಾಗೋ ಮೊದಲೇ ಹೋದ್ವಿ. ಹೋಗೋಷ್ಟರಲ್ಲಿ ಸುರಿದು ಹೋಗಿಬಿಟ್ಟಿದ್ರು. ತಾಯಿ ಇರಲಿಲ್ಲ. ಇವೆರಡೂ ಆ ಘಾಟಿಗೆ ಬಾಯಿ ಬಿಡ್ತಿದ್ವು. ಬಿಟ್ಟು ಬರೋಕೆ ಆಗುತ್ತಾ?"

"ರೇಂಜರ್‌ಗೆ ಹೇಳಬೇಕಿತ್ತು."

"ಹೇಳಿದ್ರೆ ಮೊದಲ ಕೇಸು ನನ್ನ ಮೇಲೆ. ಅನುಮತಿ ಇಲ್ಲದೆ ಮರಿ ಎತ್ತಿದ್ದು. ಕಂಪನಿಯವರು ಸುಮ್ನಿರ್ತಾರಾ? ಮರಿ ಇವರ ಹತ್ರಾನೇ ಇದ್ವು, ಇವರೇ ತಂದು ಬಿಲದಲ್ಲಿಟ್ಟು ನಾಟಕ ಆಡ್ತಿದ್ರು ಅಂತಾರೆ. ಅಲ್ಲಿಗೆ ಸರೋವರ ಮುಗೀತು. ಅದಕ್ಕೆ ಹೆಜ್ಜೆ ಒರೆಸಿದ್ವಿ. ತಾಯಿ ವಾಪಸ್ ಬಂದ್ರೆ ರಾತ್ರಿಯೊಳಗೆ ಸದ್ದಿಲ್ಲದೆ ಅಲ್ಲೇ ಸೇರಿಸೋಣ ಅಂತ."

"ನನಗ್ಯಾಕೆ ಹೇಳಲಿಲ್ಲ?"

ಅವನು ಬಗ್ಗಿ ಕೋಟಿನ ಮಡಿಕೆಯನ್ನು ಮರಿಗಳ ಮೇಲೆ ಎಳೆದ.

"ಅವಳು ಬೇಡ ಅಂದ್ಲಾ?"

"ಅವಳಲ್ಲ. ನಾನೇ." ಅವನು ಕನ್ನಡಕ ತೆಗೆದು ಅಂಗಿಯ ತುದಿಯಿಂದ ಒರೆಸತೊಡಗಿದ. "ನೀನು ತೆಗೆದ ಫೋಟೊದಲ್ಲಿ ದೋಣಿ ಮೂತಿ ಉಳಿದಿದೆ ಕಣೇ. ಕಂಪನಿ ಕೋರ್ಟಿಗೆ ಕೊಟ್ಟ ಕಾಗದಗಳ ಜೊತೆ, ಜಾಗದ ಚೆಂದ ತೋರಿಸೋಕೆ ಪ್ರಾಣಿ ಇದ್ದ ಭಾಗ ತೆಗೆದು, ಅದನ್ನೂ ಇಟ್ಟಿದ್ರು; ನಿನ್ನೆ ಸಂಜೆ ನೋಡಿದೆ. ಅವತ್ತು ಎದುರು ದಂಡೆ ಪೊದೆಯೊಳಗಿಂದ ನಿನ್ನ ಕೆಮ್ಮು ಕೇಳಿಸಿತ್ತು ನನಗೆ. ಸುಮ್ಮನಿದ್ದೆ. ಫೋಟೊ ತೆಗೆದಿದ್ದು ನೀನು ಅಂತ ಅವಳಿಗೂ ಹೇಳಿಲ್ಲ. ಮರಿ ವಿಷಯ ನಿನಗೆ ಹೇಳೋಕೆ ಹೋದ್ರೆ, ಜಾಗ ಹೇಗೆ ಹೊರಗೆ ಬಿತ್ತು ಅನ್ನೋದನ್ನೂ ಹೇಳಬೇಕಾಗ್ತಿತ್ತು. ಅದನ್ನ ಹೇಳಿದ್ರೆ..."

"ಹೇಳಿದ್ರೆ?"

"ಅದಕ್ಕೆ ನೀನು ಕ್ಷಮೆ ಕೇಳ್ತೀಯೋ, ಇಲ್ಲ ಅವಳ ಜುಟ್ಟು ಹಿಡೀತೀಯೋ ಅಂತ ನನಗೆ ನಿಜವಾಗ್ಲೂ ಗೊತ್ತಿರ್ಲಿಲ್ಲ."

ಅಷ್ಟರಲ್ಲಿ ಮುಂಬಾಗಿಲಿನ ಬೀಗದಲ್ಲಿ ಕೀಲಿಕೈ ತಿರುಗಿದ ಸದ್ದಾಯಿತು.

ಜಿಗಣೆ ಬಚ್ಚಲಿನಿಂದ ಹೊರಬಂದಳು. ಬಾಗಿಲು ತೆರೆದು ಒಳಗೆ ಬಂದವಳು ನೀರುನಾಯಿ ಮೇಡಂ. ಕೈಯಲ್ಲಿ ಈ ಆಫೀಸಿನ ಕೀಲಿ. ಅಂಥದೊಂದು ಕೀಲಿ ಜಿಗಣೆಯ ಹತ್ತಿರವೂ ಇರಲಿಲ್ಲ. ಇಷ್ಟು ವರ್ಷದಲ್ಲಿ ಎಂದೂ ಇರಲಿಲ್ಲ. ಬಂದಾಗಲೆಲ್ಲ ಅವಳು ತಟ್ಟಿಯೇ ಒಳಗೆ ಬಂದವಳು.

ಹುಡುಗಿಯ ಮುಖ ಬಿಳಿಚಿಕೊಂಡಿತ್ತು. ಜಿಗಣೆಯನ್ನು ಕಂಡದ್ದಕ್ಕಲ್ಲ. ಅವಳ ಬೆನ್ನ ಹಿಂದೆಯೇ ರೇಂಜರ್ ಮೆಟ್ಟಿಲು ಹತ್ತಿ ಬಂದಿದ್ದ.

"ಎಲ್ಲರೂ ಇಲ್ಲೇ ಇದ್ದೀರಲ್ಲ, ಒಳ್ಳೇದಾಯ್ತು," ಎಂದ ರೇಂಜರ್. ಟೋಪಿ ಮೇಜಿನ ಮೇಲಿಟ್ಟು ಕಕ್ಷಿದಾರರ ಬೆಂಚಿನಲ್ಲಿ ಕೂತ. "ಮೇಡಂ, ಆ ಬಿಲದಲ್ಲಿ ನಾನೂ ಕೈ ಹಾಕಿ ನೋಡಿದೆ. ಮರಿಗಳನ್ನ ಯಾರೋ ಮನುಷ್ಯರೇ ಎತ್ಕೊಂಡು ಹೋಗಿದ್ದಾರೆ. ನಿಮಗೂ ಗೊತ್ತಾಗಿರಬೇಕು."

ವಕೀಲ ಒಳಗೆ ಹೋಗಿ ಬಚ್ಚಲಿನ ನಲ್ಲಿ ತಿರುಗಿಸಿದ. ನೀರು ಧೋ ಎಂದು ಬಕೆಟ್ಟಿಗೆ ಬೀಳತೊಡಗಿತು. ಸದ್ದು ಮುಚ್ಚಲು. ಹಿಂದಿರುಗಿ ಬಂದು ಬಾಗಿಲಿಗೆ ಒರಗಿ ನಿಂತ. ನೀರುನಾಯಿ ಮೇಡಂ ಕೀಲಿಯನ್ನು ಮುಷ್ಟಿಯೊಳಗೆ ಬಿಗಿಹಿಡಿದಿದ್ದಳು. ಅವಳು ಜಿಗಣೆಯನ್ನು ನೋಡಿದಳು. ಆಮೇಲೆ, ತಡೆಯಲಾಗದೆ, ವಕೀಲನನ್ನು ನೋಡಿದಳು. ವಕೀಲನೂ ಅವಳನ್ನು ನೋಡಿದ.

ಆ ನೋಟದಲ್ಲಿ ಹೆದರಿಕೆ ಇತ್ತು ಅಷ್ಟೆ. ಇಬ್ಬರು ಒಂದೇ ತಪ್ಪಿಗೆ ಹೆದರುವಾಗ ಇರುವ ಹೆದರಿಕೆ. ಆದರೆ ಅದು ಇಬ್ಬರದಾಗಿತ್ತು. ಜಿಗಣೆಗೆ ಅದರಲ್ಲಿ ಪಾಲಿರಲಿಲ್ಲ.

ಒಂದೇ ಒಂದು ಮಾತು ಸಾಕಿತ್ತು. ಆ ಹುಡುಗಿ ಇನ್ನೆಂದೂ ಅವನ ದೋಣಿಯಲ್ಲಿ ಕೂರುತ್ತಿರಲಿಲ್ಲ. ಅವನೂ ದೋಣಿ ಹತ್ತುತ್ತಿರಲಿಲ್ಲ. ಸರೋವರದ ದಂಡೆಯಲ್ಲಿ ಆ ಗಾಜಿನ ಕಿಟಕಿಗಳಿಗೆಲ್ಲ ದೀಪ ಹತ್ತುತ್ತಿತ್ತು.

"ಹೇಳಿ ಮೇಡಂ," ಎಂದ ರೇಂಜರ್. "ಯಾರು ಅಂತ ಗೊತ್ತಾಯ್ತಾ?"

ಜಿಗಣೆ ಕುರ್ಚಿ ಎಳೆದು ಅವನ ಎದುರಿಗೆ ಕೂತಳು. ಕೆಸರು ಮೆತ್ತಿ ಒಣಗಿದ ಸೆರಗನ್ನು ಸರಿಮಾಡಿಕೊಂಡಳು. ಗಂಡನ ಕಡೆ ನೋಡಲಿಲ್ಲ.

"ಗೊತ್ತಾಯ್ತು," ಎಂದಳು.